ಲೋಟದ ಅರ್ಧ, ತಟ್ಟೆಯ ಕಾಲು

“ಚನ್ನಗಿರಿಯ ತರಬೇತಿ ಕೇಂದ್ರದಲ್ಲಿ ಒಬ್ಬ ಅನಕ್ಷರಸ್ಥ ಜವಾನನಿದ್ದ. ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂಬುದು ಅರವತ್ತು ದಾಟಿದರೂ ಅವನಿಗೆ ತಿಳಿದಿರಲಿಲ್ಲ. ಹೊಸದಾಗಿ ನೇಮಕವಾಗಿದ್ದ ಶಿಕ್ಷಕಿಯೊಬ್ಬರು ಒಂದು ರೊಟ್ಟಿ ಮುರಿದು, ನಲವತ್ತು ನಿಮಿಷದ ಒಂದೇ ಅವಧಿಯಲ್ಲಿ ಅದನ್ನು ಕಲಿಸಿಬಿಟ್ಟರು. ಮುದುಕ ಕಣ್ಣೀರು ಹಾಕಿದ. ಆಕೆಯ ಕಾಲಿಗೆ ಬಿದ್ದ. ರೂಪಣಾತ್ಮಕ ಮೌಲ್ಯಮಾಪನದ ಶಕ್ತಿಯೆಂದರೆ ಇದು.”

ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಹೊಸ ಶಿಕ್ಷಕರ ತರಬೇತಿ ಎಲ್ಲಿ ನಡೆದರೂ ಎರಡನೆಯ ದಿನದ ಮಧ್ಯಾಹ್ನ, ಉಂಡವರಿಗೆ ತೂಕಡಿಕೆ ಹತ್ತುವ ಹೊತ್ತಿಗೆ, ಈ ಕಥೆಯನ್ನು ಹೇಳುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ನಾಲ್ಕೂ ಕಡೆ ನಾನೇ ಕಿವಿಯಾರೆ ಕೇಳಿದ್ದೇನೆ. ಹೇಳುವವರು ಕೊನೆಯ ವಾಕ್ಯಕ್ಕೆ ಬಂದಾಗ ದನಿ ತಗ್ಗಿಸುತ್ತಾರೆ. ಒಬ್ಬರಂತೂ ಕನ್ನಡಕ ತೆಗೆದು ಒರೆಸಿಕೊಂಡರು. ಕಥೆ ಚೆನ್ನಾಗಿದೆ. ಅದರಲ್ಲಿ ನಿಜವಾದದ್ದು ಎರಡೇ ಸಂಗತಿ: ಊರು ಚನ್ನಗಿರಿ ಎಂಬುದು, ಅಲ್ಲೊಬ್ಬ ಜವಾನನಿದ್ದ ಎಂಬುದು. ಆ ಜವಾನ ನಾನು.

ನಾನು ಅನಕ್ಷರಸ್ಥನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಿಜ. ಆದರೆ ತರಬೇತಿ ಕೇಂದ್ರದ ಬಾಗಿಲು ತೆಗೆದು, ಜಮಖಾನ ಹಾಸಿ, ಹಾಜರಿ ಪುಸ್ತಕ ಇಟ್ಟು, ಚಹಾ ಹಂಚಿ, ಸಂಜೆ ಬಾಗಿಲು ಹಾಕುವ ಕೆಲಸದಲ್ಲಿ ಬದುಕು ಕಳೆದವನಿಗೆ ಓದಲು ಏನು ಸಿಗುತ್ತದೋ ಅದನ್ನೆಲ್ಲ ಓದಿದ್ದೇನೆ. ತರಬೇತಿ ಮುಗಿದ ಮೇಲೆ ಕುರ್ಚಿಗಳ ಕೆಳಗೆ ಬಿದ್ದಿರುತ್ತಿದ್ದ ಕೈಪಿಡಿಗಳು ನನ್ನ ಗ್ರಂಥಾಲಯ. ಶಿಕ್ಷಕರು ಅವನ್ನು ಬಿಸಿಲಿಗೆ ಬೀಸಣಿಗೆ ಮಾಡಿಕೊಂಡು ಬಿಟ್ಟುಹೋಗುತ್ತಿದ್ದರು. ನಾನು ನಲ್ಲೂರಿನ ನಮ್ಮ ಮನೆಗೆ ಕೊಂಡೊಯ್ದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದೆ. ನಿವೃತ್ತಿಯಾದ ಮೇಲೂ, ಯಾವ ಪೆಟ್ಟಿಗೆಯಲ್ಲಿ ಯಾವ ಸಾಮಗ್ರಿ ಇದೆಯೆಂಬುದು ಬೇರೆ ಯಾರಿಗೂ ಗೊತ್ತಿಲ್ಲದ ಕಾರಣ, ತರಬೇತಿಯೆಂದರೆ ನನ್ನನ್ನು ಕರೆಸುತ್ತಿದ್ದರು. ಪೆಟ್ಟಿಗೆಯ ಜೊತೆಯಲ್ಲಿ ನಾನೂ ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುತ್ತಿದ್ದೆ.

ರೂಪಣಾತ್ಮಕ ಮೌಲ್ಯಮಾಪನವೆಂದರೆ ಏನೆಂದು ಆ ಕೈಪಿಡಿಗಳಲ್ಲಿ ಸೊಗಸಾಗಿಯೇ ಬರೆದಿದ್ದಾರೆ. ವರ್ಷದ ಕೊನೆಯಲ್ಲಿ ಮಗುವಿಗೆ ಅಂಕ ಹಾಕುವುದಲ್ಲ. ಪಾಠ ನಡೆಯುತ್ತಿರುವಾಗಲೇ ಮಗುವಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ, ಯಾಕೆ ತಿಳಿದಿಲ್ಲ ಎಂದು ಕಂಡುಕೊಂಡು, ಅದಕ್ಕೆ ತಕ್ಕಂತೆ ಪಾಠವನ್ನು ತಿದ್ದಿಕೊಳ್ಳುವುದು. ಇದಕ್ಕೊಂದು ಸಾಧನ ಬಣ್ಣದ ಕಾರ್ಡು. ಅರ್ಥವಾದವರು ಹಸಿರು ಎತ್ತಬೇಕು, ಅರೆಬರೆ ಅರ್ಥವಾದವರು ಹಳದಿ, ಏನೂ ಅರ್ಥವಾಗದವರು ಕೆಂಪು. ಪೆಟ್ಟಿಗೆ ನನ್ನ ಸುಪರ್ದಿನಲ್ಲಿದ್ದುದರಿಂದ ಒಂದು ಸಂಗತಿಯನ್ನು ಖಚಿತವಾಗಿ ಹೇಳಬಲ್ಲೆ. ಹಸಿರು ಕಾರ್ಡುಗಳು ಬೆವರಿಗೆ ಮಾಸಿ, ಅಂಚು ಹರಿದು, ಎರಡು ಸಲ ಹೊಸದು ತರಿಸಬೇಕಾಯಿತು. ಕೆಂಪು ಕಾರ್ಡುಗಳು ಅಂಗಡಿಯಿಂದ ಬಂದ ದಿನದಂತೆಯೇ ಹೊಳೆಯುತ್ತಿದ್ದವು. ಕೆಂಪು ಎತ್ತಿದವರಿಗೆ ಸಂಜೆ ಐದರ ಮೇಲೆ ಇನ್ನೊಮ್ಮೆ ವಿವರಿಸಬೇಕೆಂದು ನಿಯಮವಿತ್ತು. ಐದೂಕಾಲಿಗೆ ಬಸ್ಸು ಇತ್ತು.

ಈ ಕಥೆ ಹುಟ್ಟಿದ ವರ್ಷ ಚನ್ನಗಿರಿಯಲ್ಲಿ ನಾಲ್ಕು ತಾಲ್ಲೂಕುಗಳ ಹೊಸ ಶಿಕ್ಷಕರು ಸೇರಿದ್ದರು. ತರಬೇತಿ ಕೊಡಲು ಬಂದ ಸಂಪನ್ಮೂಲ ವ್ಯಕ್ತಿ ಒಳ್ಳೆಯ ಮನುಷ್ಯ, ಒಳ್ಳೆಯ ಮಾತುಗಾರ, ಪ್ರತಿ ಹತ್ತು ನಿಮಿಷಕ್ಕೊಮ್ಮೆ “ಅರ್ಥ ಆಯ್ತಾ?” ಎನ್ನುತ್ತಿದ್ದರು, ಸಭಾಂಗಣವೆಲ್ಲ ರಾಗವಾಗಿ “ಆಯ್ತು ಸಾ…ರ್” ಎನ್ನುತ್ತಿತ್ತು. ಎರಡನೆಯ ದಿನ ಮಾದರಿ ಪಾಠ. ಶಾಲೆಗೆ ರಜೆ, ಪಾಠಕ್ಕೆ ಮಕ್ಕಳಿಲ್ಲ. ಶಿಕ್ಷಕರೇ ಮಕ್ಕಳಾಗಬೇಕು. ಆದರೆ ಮೌಲ್ಯಮಾಪನದ ಫಾರಂ ತುಂಬಲು, ಏನೂ ಓದಿರದ ಒಂದು “ನಿಜವಾದ” ಮಗು ಇದ್ದರೆ ಚೆನ್ನ ಎಂದುಕೊಂಡ ಅವರ ಕಣ್ಣು ಚಹಾದ ತಟ್ಟೆ ಹಿಡಿದು ನಿಂತಿದ್ದ ನನ್ನ ಮೇಲೆ ಬಿತ್ತು.

“ಯಜಮಾನ್ರೇ, ಬರ್ರಿ, ಮುಂದಿನ ಸಾಲಿನಾಗೆ ಕುಂದ್ರಿ. ಇವತ್ತು ನೀವು ಐದನೇ ಕ್ಲಾಸು.”

ನಾನು ತಟ್ಟೆ ಕೆಳಗಿಟ್ಟು ಕುಳಿತೆ.

ಪಾಠ ಮಾಡಲು ಎದ್ದವಳು ಜಗಳೂರು ಕಡೆಯ ಹುಡುಗಿ. ನ್ಯಾಮತಿ ತಾಲ್ಲೂಕಿನ ಎರಡು ಕೊಠಡಿಯ ಶಾಲೆಯೊಂದಕ್ಕೆ ಆಗಷ್ಟೇ ನೇಮಕವಾಗಿದ್ದಳು. ಅವರ ಮನೆಯಲ್ಲಿ ಸರ್ಕಾರಿ ಕೆಲಸ ಹಿಡಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಸಂಪನ್ಮೂಲ ವ್ಯಕ್ತಿ ತಮ್ಮ ಹೆಸರಾಂತ ಚಾರ್ಟನ್ನು ಗೋಡೆಗೆ ಅಂಟಿಸಿಕೊಟ್ಟರು. ಲ್ಯಾಮಿನೇಟ್ ಮಾಡಿಸಿದ ಚಾರ್ಟು. ಅದರಲ್ಲಿ ಎರಡು ವೃತ್ತ. ಒಂದರಲ್ಲಿ ಅರ್ಧಕ್ಕೆ ಕೆಂಪು ಬಳಿದಿತ್ತು, ಇನ್ನೊಂದರಲ್ಲಿ ಕಾಲು ಭಾಗಕ್ಕೆ.

“ನೋಡ್ರಿ ಮಕ್ಕಳೇ, ಇದು ಅರ್ಧ, ಇದು ಕಾಲು. ಬಣ್ಣ ಹಚ್ಚಿದ್ದರಾಗೆ ಯಾವುದು ದೊಡ್ಡದು?”

“ಅರ್ಧ ಮಿಸ್!” ಎಂದು ಮೀಸೆ ಬಂದ ಮಕ್ಕಳೂ ಮಂಗಳಸೂತ್ರ ಕಟ್ಟಿಕೊಂಡ ಮಕ್ಕಳೂ ಒಟ್ಟಿಗೆ ಕೂಗಿದರು.

“ಕಾಲು, ಮಿಸ್,” ಎಂದೆ ನಾನು.

ಕತ್ತಲಗೆರೆಯ ಕಡೆಯ ಒಬ್ಬ ಶಿಕ್ಷಕ ಹಿಂದಿನಿಂದ “ಅಜ್ಜ ಫೇಲು!” ಎಂದ. ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ. ಹತ್ತಿರ ಬಂದು ಬಗ್ಗಿ ಕೇಳಿದಳು:

“ಹೆಂಗೆ ಹೇಳ್ತೀರಿ ಅಜ್ಜ?”

“ನೀವು ಅಜ್ಜ ಅನ್ನಂಗಿಲ್ಲ ಮಿಸ್. ನಾನು ಐದನೇ ಕ್ಲಾಸು.”

“ಆತು. ಹೆಂಗೆ ಹೇಳ್ತೀಯಪ್ಪ?”

“ನೋಡಿ ಹೇಳ್ದೆ, ಮಿಸ್.”

ಅವಳು ತಿರುಗಿ ಚಾರ್ಟನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅಷ್ಟು ವರ್ಷಗಳಲ್ಲಿ ಆ ಚಾರ್ಟನ್ನು ಯಾರಾದರೂ ನಿಜವಾಗಿ ನೋಡಿದ್ದು ಅದೇ ಮೊದಲು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಏಕೆಂದರೆ ಅದು ತಯಾರಾದ ದಿನ ನಾನು ಪಕ್ಕದಲ್ಲೇ ಇದ್ದೆ. ಸಂಪನ್ಮೂಲ ವ್ಯಕ್ತಿ ವೃತ್ತ ಎಳೆಯಲು ದುಂಡಗಿನ ಏನಾದರೂ ಕೊಡಿ ಎಂದಾಗ ಸ್ಟೀಲಿನ ಲೋಟ ಕೊಟ್ಟವನು ನಾನು. ಮೊದಲ ವೃತ್ತ ಎಳೆಯುವಷ್ಟರಲ್ಲಿ ಚಹಾ ಬಂತು, ಲೋಟ ಬೇಕಾಯಿತು. ಎರಡನೆಯ ವೃತ್ತಕ್ಕೆ ಊಟದ ತಟ್ಟೆ ಕೊಟ್ಟವನೂ ನಾನೇ. ಹೀಗೆ ಆ ಚಾರ್ಟಿನಲ್ಲಿ ಅರ್ಧವೆಂಬುದು ಲೋಟದ ಬಾಯಿಯ ಅರ್ಧ, ಕಾಲೆಂಬುದು ಊಟದ ತಟ್ಟೆಯ ಕಾಲು. ಅಂಗೈಯಲ್ಲಿ ಅಳೆದರೂ ಕಾಲೇ ದೊಡ್ಡದು. ಅಂದು ಆಗಲೇ ಬಾಯಿ ಬಿಡಬೇಕಿತ್ತು. ಜವಾನನ ಮಾತು ಯಾರಿಗೆ ಬೇಕೆಂದು ಸುಮ್ಮನಿದ್ದೆ. ಆ ತಪ್ಪು ನನ್ನದೂ ಹೌದು. ಆದರೆ ಐದನೆಯ ತರಗತಿಯ ಮಗುವಾಗಿ ಕೂತವನಿಗೆ ಸುಮ್ಮನಿರಲು ಕಾರಣ ಉಳಿದಿರಲಿಲ್ಲ.

ಅವಳು ಫಾರಂ ತೆಗೆದು ಷರಾ ಕಾಲಂನಲ್ಲಿ ಬರೆದಳು: “ಎರಡು ವೃತ್ತಗಳು ಒಂದೇ ಅಳತೆಯವಲ್ಲ. ಚಾರ್ಟ್ ಬದಲಿಸಬೇಕು.”

ಸಂಪನ್ಮೂಲ ವ್ಯಕ್ತಿ ಓದಿದರು. ಚಾರ್ಟಿನ ಕಡೆ ತಿರುಗಲಿಲ್ಲ.

“ಇದು ಮಗುವಿನ ಫಾರಂ ಮೇಡಂ, ಚಾರ್ಟಿಂದಲ್ಲ. ಮಗು ಸರಿ ಉತ್ತರ ಕೊಡ್ತೋ ಇಲ್ಲೋ?”

“ಅದು ನೋಡಿದ್ದಕ್ಕೆ ಸರಿಯಾಗೇ ಐತೆ ಸಾರ್.”

“ಉತ್ತರದ ಹಾಳೆಯಾಗೆ ಏನೈತೆ? ಅರ್ಧ ಅಂತ ಐತೆ. ಮಗು ಏನಂತು? ಕಾಲು ಅಂತು. ‘ಕಲಿಯಬೇಕಿದೆ’ಗೆ ಟಿಕ್ ಹಾಕ್ರಿ.”

ಟಿಕ್ ಬಿತ್ತು. ಆ ಮಟ್ಟಿಗೆ ಅದೊಂದು ತಮಾಷೆಯಾಗಿ ಮುಗಿಯಬೇಕಿತ್ತು. ಆದರೆ ಆ ವರ್ಷದಿಂದ ಫಾರಂಗಳನ್ನು ಮೊಬೈಲಿನಲ್ಲಿ ಇಲಾಖೆಯ ಆ್ಯಪಿಗೆ ಏರಿಸಬೇಕಾಗಿತ್ತು. ಮಗುವಿನ ಹೆಸರಿಲ್ಲದೆ ಅದು ಮುಂದಕ್ಕೆ ಹೋಗದು. ಕಂಪ್ಯೂಟರ್ ಆಪರೇಟರ್ ನನ್ನ ಹೆಸರನ್ನೇ ಹಾಕಿದ. ವಯಸ್ಸು ಅರವತ್ತಾರು ಎಂದರೆ ಕೆಂಪು ಗೆರೆ ಬಂತು. ಹುಟ್ಟಿದ ದಿನ, ತಿಂಗಳು ನನ್ನದಿಟ್ಟು, ವರ್ಷವನ್ನು ಮಾತ್ರ ನನ್ನ ಕಿರಿಯ ಮೊಮ್ಮಗಳ ವಯಸ್ಸಿಗೆ ಹೊಂದಿಸಿದ. ಶಾಲೆ ಯಾವುದೆಂದು ಕೇಳಿತು. ಪಾಠ ಮಾಡಿದವಳ ಶಾಲೆಯನ್ನು ಹಾಕಿದ. “ಡೆಮೋ ಅಷ್ಟೇ, ಆಮೇಲೆ ಅಳಿಸೋಣ” ಎಂದ. ಒಂದು ಗುಂಡಿ ಒತ್ತಿದ. ಆ ಕ್ಷಣದಿಂದ ನಾನು ನ್ಯಾಮತಿ ತಾಲ್ಲೂಕಿನಲ್ಲಿ ಕಲಿಕೆಯಲ್ಲಿ ಹಿಂದುಳಿದ ಹತ್ತು ವರ್ಷದ ಮಗು.

ಎಂಟು ದಿನದಲ್ಲಿ ಅವಳಿಗೆ ಸಂದೇಶ ಬಂತು. ಅವಳ ಮಗು “ಕಲಿಯಬೇಕಿದೆ” ಹಂತದಲ್ಲಿದೆ. ಪರಿಹಾರ ಬೋಧನೆ ಕೊಟ್ಟು, ಮರುಮೌಲ್ಯಮಾಪನದಲ್ಲಿ ಅದೇ ಪ್ರಶ್ನೆಗೆ ಸರಿಯುತ್ತರ ಬಂದಿದೆಯೆಂದು ಸಂಪನ್ಮೂಲ ವ್ಯಕ್ತಿ ದೃಢೀಕರಿಸುವವರೆಗೆ ಅವಳ ತರಬೇತಿ ಪ್ರಮಾಣಪತ್ರ ಹೊರಬರುವುದಿಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ಪ್ರೊಬೇಷನ್ ಮುಗಿಯುವುದಿಲ್ಲ. ಪ್ರೊಬೇಷನ್ ಮುಗಿಯದಿದ್ದರೆ ಆ ನೌಕರಿ ಇದ್ದರೂ ಇಲ್ಲದಂತೆ. ಫೋನಿನಲ್ಲಿ ಅವಳು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, “ಅಳಿಸಾಕೆ ಬರಂಗಿಲ್ವಂತೆ ಅಜ್ಜ, ಆಪರೇಟರ್ ಸಾರೇ ಹೇಳಿದ್ರು. ಮಗೂನ ಅಳಿಸಂಗಿಲ್ಲ, ಕಲಿಸಬೇಕಂತೆ,” ಎಂದಳು.

ನನ್ನ ಹೆಂಡತಿ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. “ಮೊಮ್ಮಕ್ಕಳ ಮದುವೆ ನೋಡೋ ಹೊತ್ನಾಗೆ ಐದನೇ ಕ್ಲಾಸಿಗೆ ಹೊಂಟ್ರಲ್ಲ. ಊಟದ ಡಬ್ಬಿ ಕಟ್ಟಿ ಕೊಡ್ಲೇನ್ರಿ?” ಎಂದಳು.

ಮರುಮೌಲ್ಯಮಾಪನ ಹೊನ್ನಾಳಿಯಲ್ಲಿ. ಅಲ್ಲಿ ಬೇರೆ ತಂಡದ ತರಬೇತಿ ನಡೆಯುತ್ತಿತ್ತು. ಸಂಪನ್ಮೂಲ ವ್ಯಕ್ತಿ ಅವರೇ, ಚಾರ್ಟೂ ಅದೇ. ಊಟದ ಹೊತ್ತಿಗೆ ಅವಳು ನ್ಯಾಮತಿಯಿಂದ ಬಸ್ಸಿನಲ್ಲಿ ಬಂದಳು. ನಾನು ಆಗಲೇ ತಟ್ಟೆ ಹಾಕಿಸಿಕೊಂಡು ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ತಿನ್ನುತ್ತಿದ್ದೆ. ಆ ಅಡುಗೆಯವರ ಚಟ್ನಿಯನ್ನು ತಿಂದವರೇ ಬಲ್ಲರು. ಕಣ್ಣಲ್ಲಿ ಮೂಗಲ್ಲಿ ನೀರು ಇಳಿಯುತ್ತಿರುವಾಗಲೇ ಸಂಪನ್ಮೂಲ ವ್ಯಕ್ತಿ ಬಂದು, “ಬರ್ರಿ, ಮುಗಿಸಿಬಿಡಣ” ಎಂದು ನನ್ನ ತಟ್ಟೆಯಿಂದಲೇ ಒಂದು ರೊಟ್ಟಿ ಎತ್ತಿಕೊಂಡರು. ರೊಟ್ಟಿ ಮುರಿದವರು ಅವರು, ಶಿಕ್ಷಕಿಯಲ್ಲ. ಕಥೆಯಲ್ಲಿ ಇದು ಅದಲುಬದಲಾಗಿದೆ.

“ನೋಡ್ರಿ ಯಜಮಾನ್ರೇ. ಇದು ಅರ್ಧ. ಅರ್ಧದಾಗೆ ಅರ್ಧ, ಇದು ಕಾಲು. ಯಾವುದು ದೊಡ್ಡದು?”

“ಅರ್ಧ ಸಾರ್.”

“ಶಾಬಾಸ್!” ಅವರು ಅವಳ ಕಡೆ ತಿರುಗಿದರು. “ನೋಡಿದ್ರಾ ಮೇಡಂ? ಅನುಭವ ಕೊಟ್ಟು ಕಲಿಸಬೇಕು. ಈಗ ಚಾರ್ಟು ನೋಡಿ ಹೇಳ್ರಿ ಯಜಮಾನ್ರೇ, ಯಾವುದು ದೊಡ್ಡದು?”

“ಕಾಲು ಸಾರ್.”

“ಈಗ ತಾನೇ ಅರ್ಧ ಅಂದ್ರಲ್ರೀ!”

“ಅದು ಒಂದೇ ರೊಟ್ಟಿ ಸಾರ್. ಇಲ್ಲಿ ಎರಡು ರೊಟ್ಟಿ ಐತೆ. ಒಂದು ಸಣ್ಣದು, ಒಂದು ದೊಡ್ಡದು.”

“ಅದು ರೊಟ್ಟಿ ಅಲ್ರೀ, ವೃತ್ತ! ಚಿತ್ರ ನೋಡಬ್ಯಾಡ್ರಿ, ಅರ್ಥ ಮಾಡ್ಕಳ್ರಿ!”

ಚಿತ್ರವನ್ನು ನೋಡದೆ ಅರ್ಥ ಮಾಡಿಕೊಳ್ಳಬೇಕೆಂದರೆ ಅದನ್ನು ಗೋಡೆಗೆ ಯಾಕೆ ಅಂಟಿಸಬೇಕು ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹೊಳೆಯ ಕಡೆಯ ಕಿಟಕಿಯಿಂದ ಗಾಳಿ ನುಗ್ಗಿ, ಅಂಟಿಸಿದ್ದ ಟೇಪು ಕಿತ್ತು, ಚಾರ್ಟು ಜಾರಿ ಅವಳ ಪಾದದ ಬಳಿ ಬಿತ್ತು. ಸಾಮಗ್ರಿ ಬಿದ್ದರೆ ಎತ್ತುವುದು ನನ್ನ ಅಷ್ಟು ವರ್ಷಗಳ ಕೆಲಸ. ಬಗ್ಗಿದೆ. ಆ ಕ್ಷಣವೇ ಯಾರೋ ಒಬ್ಬ ಶಿಕ್ಷಕ ಫೋಟೋ ತೆಗೆದ: ಕೈಯಲ್ಲಿ ಮುರಿದ ರೊಟ್ಟಿ ಹಿಡಿದ ಗುರು, ಬೆರಗಾಗಿ ನಿಂತ ಯುವ ಶಿಕ್ಷಕಿ, ಕಣ್ಣೀರು ಸುರಿಸುತ್ತ ಅವಳ ಕಾಲ ಬಳಿ ಬಗ್ಗಿದ ಮುದುಕ. ಸಂಜೆಯೊಳಗೆ ಆ ಫೋಟೋ ನಾಲ್ಕೂ ತಾಲ್ಲೂಕಿನ ಶಿಕ್ಷಕರ ವಾಟ್ಸಾಪ್ ಗುಂಪುಗಳನ್ನು ಸುತ್ತಿ ನನ್ನ ಅಳಿಯನ ಮೊಬೈಲಿಗೂ ಬಂತು. ಅಡಿಬರಹ ಬೇರೆ ಬೇರೆ ಗುಂಪಿನಲ್ಲಿ ಬೇರೆ ಬೇರೆಯಿತ್ತು; ಕೈ ಮುಗಿದ ಚಿಹ್ನೆಗಳು ಮಾತ್ರ ಎಲ್ಲದರಲ್ಲೂ ಇದ್ದವು.

ನಾನು ಕಲಿತೆನೆಂದು ಜಗತ್ತಿಗೆಲ್ಲ ಗೊತ್ತಾಯಿತು. ಮೊಬೈಲಿಗೆ ಮಾತ್ರ ಗೊತ್ತಾಗಲಿಲ್ಲ. ಅದರಲ್ಲಿ ಅಂದು ಏರಿದ್ದು: “ಕಲಿಯಬೇಕಿದೆ.”

ಉಳಿದದ್ದು ಪರಿಹಾರ ಬೋಧನೆ. ಅದಕ್ಕೆ ಮಗು ಶಾಲೆಯಲ್ಲಿ ಕೂತಿರುವ ಫೋಟೋ ಬೇಕು, ಫೋಟೋದಲ್ಲಿ ಜಾಗ ನಮೂದಾಗಬೇಕು. ಹಾಗಾಗಿ ವಾರಕ್ಕೊಂದು ದಿನ ನಾನು ನಲ್ಲೂರಿನಿಂದ ಬಸ್ಸು ಬದಲಿಸುತ್ತ ನ್ಯಾಮತಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಆ ಶಾಲೆ ಮುಟ್ಟಿ, ಐದನೆಯ ತರಗತಿಯ ಹನ್ನೊಂದು ಮಕ್ಕಳ ನಡುವೆ ಕೂರಬೇಕಾಯಿತು. ಮೊದಲ ದಿನ ಮಕ್ಕಳು ನನ್ನನ್ನು ಮೇಲಧಿಕಾರಿಯೆಂದು ತಿಳಿದು ಎದ್ದು ನಿಂತರು. ಎರಡನೆಯ ವಾರ ಒಬ್ಬಳು ಹುಡುಗಿ “ಅಜ್ಜ, ಹೋಂವರ್ಕ್ ಮಾಡ್ಕಂಡ್ ಬಂದೀಯಾ?” ಎಂದಳು. ಮೊಟ್ಟೆ ಕೊಡುವ ದಿನ ಹೆಡ್ ಮಾಸ್ಟರು ಸಂಕೋಚದಿಂದ ಹತ್ತಿರ ಬಂದು, “ಪಟ್ಟಿಯಾಗೆ ನಿಮ್ಮ ಹೆಸರೂ ಐತೆ. ಮೊಟ್ಟೆನೋ ಬಾಳೆಹಣ್ಣೋ, ಯಜಮಾನ್ರೇ?” ಎಂದು ಕೇಳಿದರು. ಬಾಳೆಹಣ್ಣು ಎಂದೆ.

ಆ ಶಾಲೆಯಲ್ಲಿ ನಾನು ಕಂಡದ್ದನ್ನು ಯಾವ ತರಬೇತಿಯಲ್ಲೂ ಯಾರೂ ಹೇಳುವುದಿಲ್ಲ. ಶಿಕ್ಷಕಿ ಆ ಚಾರ್ಟಿನ ನಕಲೊಂದನ್ನು ಮಕ್ಕಳ ಮುಂದೆ ಹಿಡಿದಳು. ಮಕ್ಕಳೆಲ್ಲ ಅರ್ಧ ಎಂದು ಕೂಗಿದರು. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತ್ತರಿ ಕೊಟ್ಟು, “ಬಣ್ಣದ ಭಾಗ ಕತ್ತರಿಸಿ, ಒಂದರ ಮೇಲೊಂದು ಇಟ್ಟು ನೋಡ್ರಿ” ಎಂದಳು. ಮಕ್ಕಳು ಕತ್ತರಿಸಿ ಇಟ್ಟರು. ಕಾಲು ಅರ್ಧವನ್ನು ಪೂರಾ ಮುಚ್ಚಿತು. ತಿರುಗಿಸಿ ಮುರುಗಿಸಿ ಮತ್ತೆ ಇಟ್ಟು ನೋಡಿದರು. ಆಮೇಲೆ ನನ್ನ ಹೋಂವರ್ಕ್ ಕೇಳಿದ್ದ ಹುಡುಗಿಯೇ, “ಮಿಸ್, ಇವೆರಡೂ ಬ್ಯಾರೆ ಬ್ಯಾರೆ ರೌಂಡಿಂದು. ಮೋಸ ಮಾಡ್ಯಾರೆ!” ಎಂದಳು. ಶಿಕ್ಷಕಿ ಅಂದು ಹೇಳಿಕೊಟ್ಟದ್ದು ಇಷ್ಟೇ: ಅರ್ಧ ಕಾಲು ಎನ್ನುವ ಮೊದಲು ಯಾವುದರ ಅರ್ಧ, ಯಾವುದರ ಕಾಲು ಎಂದು ಕೇಳಬೇಕು. ನಾನು ಓದಿದ ಕೈಪಿಡಿಗಳೆಲ್ಲ ಯಾವುದನ್ನು ರೂಪಣಾತ್ಮಕ ಮೌಲ್ಯಮಾಪನ ಎಂದು ಕರೆದಿದ್ದವೋ ಅದನ್ನು ನಾನು ಕಣ್ಣಾರೆ ಕಂಡದ್ದು ಆ ಕೊಠಡಿಯಲ್ಲಿ, ಅದೊಂದೇ ಸಲ.

ಅದಕ್ಕೆ ಮೊಬೈಲಿನಲ್ಲಿ ಕಾಲಂ ಇರಲಿಲ್ಲ. ಕೊನೆಯ ಸಭೆ ಜಗಳೂರಿನಲ್ಲಿ ಎಂದು ಗೊತ್ತಾಯಿತು. ಪ್ರಮಾಣಪತ್ರಗಳ ವಿತರಣೆ ಅಲ್ಲೇ. ಬಾಕಿ ಉಳಿದ ಮಗು ನಾನೊಬ್ಬನೇ. ಆ ಸಂಜೆ ಆಟೋಗಾಗಿ ಕಾಯುತ್ತ ಶಾಲೆಯ ಗೇಟಿನ ಬಳಿ ನಿಂತಿದ್ದಾಗ ಅವಳು ನನ್ನ ಮುಖ ನೋಡದೆ ಹೇಳಿದಳು:

“ಅಜ್ಜ, ಜಗಳೂರಿನಾಗೆ ಸಾರ್ ಕೇಳಿದಾಗ ಅರ್ಧ ಅಂದುಬಿಡ್ರಿ.”

“ಸುಳ್ಳು ಹೇಳ್ಲಾ?”

“ನಮ್ಮವ್ವ ದಿನಾ ಕೇಳ್ತಾಳೆ, ಕೆಲಸ ಪರ್ಮನೆಂಟ್ ಆತಾ ಅಂತ. ಏನ್ ಹೇಳ್ಲಿ? ಒಬ್ಬ ಅಜ್ಜ ಕಾಲು ದೊಡ್ಡದು ಅಂತ ಕುಂತಾನೆ, ಅದಕ್ಕೇ ಆಗಿಲ್ಲ ಅನ್ಲಾ?”

ನಾನು ಹಠಮಾರಿ ನಿಜ. ಒಪ್ಪಿದವರು ಎಷ್ಟು ಮಂದಿ ಎಂದು ನೋಡಿ ಒಂದು ಮಾತನ್ನು ನಂಬಿದವನಲ್ಲ. ಹಸಿರು ಕಾರ್ಡು ಎತ್ತುವವರನ್ನು ಕಂಡು ಒಳಗೊಳಗೇ ನಗುತ್ತಿದ್ದವನು. ಈಗ ನನ್ನ ಕೈಗೇ ಹಸಿರು ಕಾರ್ಡು ಬಂದಿತ್ತು. ಒಂದು ಚಾರ್ಟಿನ ಸತ್ಯಕ್ಕಾಗಿ ಆ ಹುಡುಗಿಯ ನೌಕರಿಯನ್ನು ತೂಗುಹಾಕಲು ನನಗೆ ಯಾವ ಹಕ್ಕೂ ಇಲ್ಲವೆನಿಸಿತು. “ಆತವ್ವ, ಅಂತೀನಿ,” ಎಂದೆ. ಬಸ್ಸಿನಲ್ಲಿ ಮನೆ ತಲಪುವವರೆಗೆ ಮನಸ್ಸಿನಲ್ಲೇ ಅರ್ಧ, ಅರ್ಧ ಎಂದು ಹೇಳಿಕೊಂಡೆ. ಐವತ್ತು ವರ್ಷಗಳ ಮೇಲೆ ಮತ್ತೆ ಮಗ್ಗಿ ಬಾಯಿಪಾಠ ಮಾಡಿದಂತಿತ್ತು.

ಜಗಳೂರಿನ ಸಭಾಂಗಣದಲ್ಲಿ ಬಿಸಿಲಿಗೆ ಫ್ಯಾನುಗಳು ಸುಮ್ಮನೆ ಸದ್ದು ಮಾಡುತ್ತಿದ್ದವು. ವಾಟ್ಸಾಪಿನ ಫೋಟೋ ನೋಡಿದ್ದವರು ನನ್ನನ್ನು ಬೆರಳಿಟ್ಟು ತೋರಿಸುತ್ತಿದ್ದರು. ಸಂಪನ್ಮೂಲ ವ್ಯಕ್ತಿ ಚಾರ್ಟು ಅಂಟಿಸಿದರು. ಈ ಸಲ ನಾಲ್ಕೂ ಮೂಲೆಗೆ ಟೇಪು. ಹೊನ್ನಾಳಿಯಲ್ಲಿ ಪ್ರಶ್ನೆ ಕೇಳಿದವರು ಅವರೇ; ಆದರೆ ನಿಯಮದಂತೆ ಪ್ರಶ್ನೆಯನ್ನು ಶಿಕ್ಷಕಿಯೇ ಕೇಳಬೇಕು, ಅವರು ದೃಢೀಕರಿಸಬೇಕು. ಅವಳು ಎದುರು ಬಂದು ನಿಂತಳು.

“ಬಣ್ಣ ಹಚ್ಚಿದ್ದರಾಗೆ ಯಾವುದು ದೊಡ್ಡದು?”

“ಅರ್ಧ, ಮಿಸ್.”

ಸಭೆ ಚಪ್ಪಾಳೆ ತಟ್ಟಿತು. ಸಂಪನ್ಮೂಲ ವ್ಯಕ್ತಿ ಮೊಬೈಲ್ ತೆಗೆದರು. ಬೆರಳು ಇನ್ನೇನು ಒತ್ತಬೇಕು. ಮುಗಿಯಿತು ಎಂದುಕೊಂಡೆ. ಆದರೆ ಅಷ್ಟು ವಾರ ಹನ್ನೊಂದು ಮಕ್ಕಳಿಗೆ ಪಾಠ ಮಾಡಿ ಅವಳಿಗೊಂದು ರೂಢಿ ಬಿದ್ದುಹೋಗಿತ್ತು. ಯಾರು ಏನೇ ಉತ್ತರ ಕೊಡಲಿ, ಸರಿಯಿರಲಿ ತಪ್ಪಿರಲಿ, ಅವಳ ಬಾಯಿಂದ ತಾನಾಗಿ ಬರುತ್ತಿದ್ದ ಪ್ರಶ್ನೆ ಒಂದಿತ್ತು. ಅದು ಬಂದೇಬಿಟ್ಟಿತು.

“ಹೆಂಗೆ ಹೇಳ್ತೀಯಪ್ಪ?”

ನಾನು ಇದಕ್ಕೆ ಸಿದ್ಧನಾಗಿರಲಿಲ್ಲ. ಅರ್ಧ ಎನ್ನುವುದನ್ನಷ್ಟೇ ಬಾಯಿಪಾಠ ಮಾಡಿದ್ದೆ. ಚಾರ್ಟು ನೋಡಿದೆ, ಅಲ್ಲಿ ಸಹಾಯವಿರಲಿಲ್ಲ. ಅವಳನ್ನು ನೋಡಿದೆ, ಏನು ಕೇಳಿಬಿಟ್ಟೆನೆಂದು ಅವಳಿಗೂ ಅಷ್ಟರಲ್ಲಿ ಅರಿವಾಗಿ, ಕಣ್ಣು ಅಗಲವಾಗಿದ್ದವು. ಬಾಯಿಗೆ ಬಂದದ್ದು ನಿಜ.

“ನೀವೇ ಹೇಳಿದ್ರಲ್ಲ ಮಿಸ್, ಗೇಟಿನ ಹತ್ರ. ಹಂಗನ್ನು ಅಂತ.”

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿಯಿಂದಲೇ ಜಾರಿದರು. ಅವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ನನ್ನ ಜೀವ ಹಾರಿತು. ಕೈ ತೆಗೆದಾಗ ನೋಡಿದರೆ ಅವಳೂ ನಗುತ್ತಿದ್ದಳು. ಕಣ್ಣೊರೆಸಿಕೊಂಡು ಸಂಪನ್ಮೂಲ ವ್ಯಕ್ತಿಗೆ ಹೇಳಿದಳು:

“ಸಾರ್, ಮಗುಗೆ ನಾನೇ ಹೇಳಿಕೊಟ್ಟಿದ್ದೆ. ತಪ್ಪು ನಂದು. ಬರಕಳ್ರಿ. ಆದ್ರೆ ಒಂದ್ಸಲ ಚಾರ್ಟು ನೋಡಿಬಿಡ್ರಿ ಸಾರ್. ಒಂದೇ ಒಂದ್ಸಲ.”

ಸಭೆಯೆಲ್ಲ ನೋಡುತ್ತಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ತಿರುಗಿದರು, ನೋಡಿದರು, ಹತ್ತಿರ ಹೋಗಿ ಬೆರಳಗಲದಲ್ಲಿ ಎರಡನ್ನೂ ಅಳೆದರು. ಅವರ ಕಿವಿ ಕೆಂಪಾದದ್ದನ್ನು ನಾನು ಕಂಡೆ. ನಾನು ಮೊದಲೇ ಹೇಳಿದಂತೆ ಅವರು ಒಳ್ಳೆಯ ಮನುಷ್ಯ. ಆದರೆ ನಾಲ್ಕು ತಾಲ್ಲೂಕಿನವರ ಮುಂದೆ ಒಳ್ಳೆಯತನಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ.

“ಹೌದು. ಬ್ಯಾರೆ ಅಳತೆ ಐತೆ,” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಆದ್ರೆ ಇದು ಲ್ಯಾಮಿನೇಟ್ ಆಗೈತಲ್ರೀ. ತಿದ್ದಾಕೆ ಬರಂಗಿಲ್ಲ. ಮೊಬೈಲಿನಾಗೂ ಇದೇ ಚಿತ್ರ ಹಾಕ್ಯಾರೆ.”

ಚಾರ್ಟು ತಿದ್ದಲು ಬರುವುದಿಲ್ಲ. ಉತ್ತರದ ಹಾಳೆ ತಿದ್ದಲು ಬರುವುದಿಲ್ಲ. ನಾನಂತೂ ತಿದ್ದಿಕೊಳ್ಳುವವನಲ್ಲವೆಂದು ಎಲ್ಲರೂ ಕಂಡುಕೊಂಡಿದ್ದರು. ಪ್ರಮಾಣಪತ್ರ ಬೇಕಿದ್ದರೆ ಉಳಿದದ್ದು ಒಂದೇ ದಾರಿ, ಅದನ್ನು ಕಂಡುಹಿಡಿದವರು ಸಭೆಗೆ ಬಂದಿದ್ದ ಅವಳ ಹೆಡ್ ಮಾಸ್ಟರು. ಕಲಿಯದ ಮಗುವನ್ನು ಪಟ್ಟಿಯಿಂದ ಅಳಿಸಲು ಬರುವುದಿಲ್ಲ. ಆದರೆ ಮಗು ಶಾಲೆ ಬಿಟ್ಟರೆ? ವರ್ಗಾವಣೆ ಪತ್ರ ಕೊಟ್ಟರೆ ಹೆಸರು ತಾನಾಗಿ ಹೋಗುತ್ತದೆ, ಶಿಕ್ಷಕಿಯ ಲೆಕ್ಕದಲ್ಲಿ ಬಾಕಿ ಉಳಿಯುವುದಿಲ್ಲ. ಸಂಪನ್ಮೂಲ ವ್ಯಕ್ತಿಯೇ ಮೊದಲು “ಮಾಡ್ರಿ, ಮಾಡ್ರಿ” ಎಂದರು. ಅವಳು ಹೇಳಿಕೊಟ್ಟ ಮಾತನ್ನು ಅವರು ಎಲ್ಲೂ ಬರೆದುಕೊಳ್ಳಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ಮರುವಾರ ಶಾಲೆಗೆ ಹೋದಾಗ ಹೆಡ್ ಮಾಸ್ಟರಿಗೆ ಹೊಸ ತೊಡಕು ಎದುರಾಗಿತ್ತು. ಸೇರದ ಮಗುವಿಗೆ ಬಿಟ್ಟ ಪತ್ರ ಕೊಡುವುದು ಹೇಗೆ? ನನ್ನ ಹೆಸರು ಮೊಬೈಲಿನಲ್ಲಿತ್ತೇ ಹೊರತು ಶಾಲೆಯ ದಾಖಲಾತಿ ವಹಿಯಲ್ಲಿರಲಿಲ್ಲ. ಹೀಗಾಗಿ ಅಂದು ಬೆಳಿಗ್ಗೆ ಹತ್ತೂವರೆಗೆ ನಾನು ಐದನೆಯ ತರಗತಿಗೆ ಸೇರಿದೆ, ಹನ್ನೊಂದಕ್ಕೆ ಬಿಟ್ಟೆ. ಸೇರಿದ ದಿನಾಂಕದ ಕಾಲಂನಲ್ಲಿ ಅವರು ಚನ್ನಗಿರಿಯ ಮಾದರಿ ಪಾಠದ ದಿನವನ್ನು ಬರೆದರು, ಬಿಟ್ಟ ದಿನಾಂಕಕ್ಕೆ ಅಂದಿನದು. ಪೋಷಕರ ಸಹಿ ಬೇಕಾಯಿತು. ನನ್ನ ಜೊತೆ ಬಂದಿದ್ದ ಹೆಂಡತಿಯ ಮುಂದೆ ವಹಿ ಇಟ್ಟರು.

“ಇವರ ಪೋಷಕಿ ಅಂತ ನಾನು ಸಹಿ ಹಾಕ್ಲಾ?” ಎಂದು ಅವಳು ಕೇಳಿದಳು. “ಇಷ್ಟು ವರ್ಷ ಸಹಿ ಇಲ್ದೇ ಮಾಡ್ಕಂಡ್ ಬಂದೀನಿ. ಇವತ್ತಾದ್ರೂ ಬರವಣಿಗೆಯಾಗೆ ಆತಲ್ಲ, ಕೊಡ್ರಿ ಪೆನ್ನು.”

ಹುಡುಗಿಗೆ ಪ್ರಮಾಣಪತ್ರ ಬಂತು. ಕಾಲಕ್ಕೆ ಸರಿಯಾಗಿ ಪ್ರೊಬೇಷನ್ ಮುಗಿಯಿತು. ಈಗಲೂ ಅದೇ ಶಾಲೆಯಲ್ಲಿದ್ದಾಳೆ. ಚಾರ್ಟು ಈಗಲೂ ಊರೂರು ಸುತ್ತುತ್ತಿದೆ, ಅದರ ಹಿಂದೆ ಕಥೆಯೂ ಸುತ್ತುತ್ತಿದೆ.

ನಲವತ್ತು ನಿಮಿಷವೆಂದು ನಂಬುವವರು ನ್ಯಾಮತಿಗೆ ಹೋಗಿ, ಆಟೋದವರನ್ನು ಎರಡು ಕೊಠಡಿಯ ಶಾಲೆಯೆಂದು ಕೇಳಿದರೆ ಕರೆದೊಯ್ಯುತ್ತಾರೆ. ಯಾವ ಕೆಲಸದ ದಿನವಾದರೂ ಸರಿ, ಹೆಡ್ ಮಾಸ್ಟರು ದಾಖಲಾತಿ ವಹಿಯನ್ನು ಬೀರುವಿನಿಂದ ತೆಗೆದು ತೋರಿಸುತ್ತಾರೆ. ವರ್ಗಾವಣೆ ಪತ್ರದ ಮೂಲಪ್ರತಿ ನನ್ನ ಬಳಿ ಇದೆ, ಅದರ ನಕಲನ್ನು ಆ ಪುಟಕ್ಕೆ ಅಂಟಿಸಿದ್ದಾರೆ. ಸೇರಿದ ದಿನಕ್ಕೂ ಬಿಟ್ಟ ದಿನಕ್ಕೂ ನಡುವೆ ಮೂರು ತಿಂಗಳ ಮೇಲಾಗಿದೆ. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ. ನಡತೆ: ಉತ್ತಮ. ಅದರ ಕೆಳಗಿನ ಕಲಿಕೆಯ ವಿವರವನ್ನು ತರಗತಿ ಶಿಕ್ಷಕಿಯೇ ತುಂಬಬೇಕು, ಅವಳೇ ತುಂಬಿದ್ದಾಳೆ, ದುಂಡಗಿನ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ: “ಹೇಳಿಕೊಟ್ಟ ಉತ್ತರವನ್ನು ಒಪ್ಪಿಸಲು ಮಗು ಇನ್ನೂ ಕಲಿತಿಲ್ಲ.”